ಬೆರಳಿಗೆ ಕಾಣುವ ಪೆಟ್ಟಿಗೆ

ಬೆಳಗಿನ ನಾಲ್ಕೂ ಮುಕ್ಕಾಲು. ಕೆಳಗಿನ ತಗಡಿನ ವರ್ಕ್‌ಶಾಪಿನಲ್ಲಿ ಸುತ್ತಿಗೆ ಏಳುವುದಕ್ಕೆ ಇನ್ನೂ ಎರಡು ಗಂಟೆ ಇದೆ. ಎರಡನೇ ಮಹಡಿಯ ಕೋಣೆಯ ಕಿಟಕಿಗೆ ಹಳೆಯ ಹಾಸಿಗೆ ಒರಗಿಸಿ, ಟ್ಯೂನಮ್ಮ ತಮ್ಮ ಕಣ್ಣಿಗೆ ತಾವೇ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾರೆ. ಎರಡು ಸುತ್ತು, ಒಂದು ಗಂಟು. ಸಂದಿಯಿಂದ ಬೆಳಕು ನುಸುಳುತ್ತಿದೆಯೇ ಎಂದು ಮುಖ ಆಚೀಚೆ ತಿರುಗಿಸಿ ನೋಡುತ್ತಾರೆ. ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿವೆ. ನಾಳೆ ಸಂಜೆ ಆರರೊಳಗೆ ಅವುಗಳಲ್ಲಿ ಒಂದು ಅಂಗಡಿಗೆ ವಾಪಸ್ ಹೋಗಬೇಕು. ಯಾವುದು ಎಂಬುದೇ ಆರು ದಿನದಿಂದ ಅವರ ನಿದ್ದೆ ಕೆಡಿಸಿದೆ.

"ಅಮ್ಮಾ, ರೆಡಿನಾ?" ಎಂದು ಅತ್ತೆಯನ್ನು ಕೇಳುತ್ತಾರೆ.

"ನಿನ್ನ ಕಣ್ಣಾಮುಚ್ಚಾಲೆ ಬೇಗ ಮುಗ್ಸು ತಾಯಿ. ಈ ವಯಸ್ಸಲ್ಲಿ ನನ್ನನ್ನ ಎಬ್ಬಿಸಿ ಫೋನ್ ಹಿಡ್ಸಿದೀಯ," ಎನ್ನುತ್ತಾರೆ ಮಂಚದ ತುದಿಯಲ್ಲಿ ಕೂತ ಅತ್ತೆ. ಎಪ್ಪತ್ತೆಂಟರ ಈ ಹಿರಿಯರೇ ಸೊಸೆಯ ಪರೀಕ್ಷಕರು.

ಟ್ಯೂನು ಕಟ್ಟಿ ಟ್ಯೂನಮ್ಮನಾದ ಇವರನ್ನು ನೀವು ನೋಡಿಲ್ಲ. ಕೇಳಿದ್ದೀರಿ. ಆಸ್ಪತ್ರೆಗೆ ಫೋನ್ ಮಾಡಿ ಕಾಯುವಾಗ ಕಿವಿಯಲ್ಲಿ ಹರಿಯುವ ಸಂಗೀತ, ಲಿಫ್ಟಿನ ಬಾಗಿಲು ತೆರೆದಾಗಿನ ಎರಡು ಸ್ವರ, ಬಸ್ ನಿಲ್ದಾಣದಲ್ಲಿ ಪ್ರಕಟಣೆಗೆ ಮುಂಚಿನ ಟಿಂಗ್‌ಟಾಂಗ್ ಇಂಥವರ ಕೈಕೆಲಸ. ಹತ್ತೊಂಬತ್ತು ವರ್ಷಗಳಿಂದ ಇದೇ ಕೋಣೆಯಲ್ಲಿ, ಒಂದು ಕಂಪ್ಯೂಟರು ಮತ್ತು ಒಂದು ಮೌಸಿನಲ್ಲಿ, ದಿನಕ್ಕೆ ಎಂಟೊಂಬತ್ತು ತುಣುಕು ಕಟ್ಟುತ್ತಾರೆ. ಯಾವುದರ ಮೇಲೂ ಹೆಸರಿಲ್ಲ. "ಲೈನಲ್ಲಿ ಕಾಯೋವಾಗ ಯಾರು ಹೆಸರು ಕೇಳ್ತಾರೆ? ಬೈಯೋದಕ್ಕೆ ಕೇಳಬಹುದು ಅಷ್ಟೇ," ಎಂದು, ಬರೆದುಕೊಳ್ಳಲು ಬಂದ ನನಗೆ ಹೇಳಿ ನಗುತ್ತಾರೆ.

ಆ ನಗು ಒಂದೂವರೆ ವರ್ಷದಿಂದ ಸ್ವಲ್ಪ ಗಿಡ್ಡವಾಗಿದೆ. ಕಣ್ಣಿನೊಳಗಿನ ಒತ್ತಡ ಏರಿ, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬಂದಿದೆ. ಹೋದದ್ದು ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದಿದ್ದಾರೆ ಡಾಕ್ಟರು. ದಿನಕ್ಕೆ ಮೂರು ಸಲ ಕಣ್ಣಿಗೆ ಔಷಧದ ಹನಿ ಬೀಳುತ್ತದೆ. ಪರದೆಯ ಮೇಲೆ ಮೌಸಿನ ಬಾಣ ಗಂಟೆಗೆ ನಲವತ್ತು ಸಲವಾದರೂ ಕಳೆದುಹೋಗುತ್ತದೆ. "ಮಗು ಸಂತೆಯಲ್ಲಿ ಕೈ ಬಿಡಿಸ್ಕೊಂಡು ಓಡಿದ ಹಾಗೆ. ಎದೆ ಧಸಕ್ ಅನ್ನುತ್ತೆ, ಆಮೇಲೆ ಹುಡುಕ್ತೀನಿ."

ಹೋದ ತಿಂಗಳು ಆ ಬಾಣವನ್ನು ಹುಡುಕುವ ಭರದಲ್ಲಿ ಒಂದು ತಪ್ಪಾಯಿತು. ಆಸ್ಪತ್ರೆಯೊಂದರ ಫೋನ್ ಸಂದೇಶದಲ್ಲಿ ಸಂಗೀತ ಮೇಲೇರಿ, ಮಾತು ಅಡಿಯಲ್ಲಿ ಮುಳುಗಿತು. ಕೋಣೆಯ ಸ್ಪೀಕರಿನಲ್ಲಿ ಸರಿಯೆನಿಸಿದ್ದು ಫೋನಿನಲ್ಲಿ ಹಾಗೇ ಕೇಳುವುದಿಲ್ಲ, ಕಿವಿಯೊಂದನ್ನೇ ನಂಬುವಂತಿಲ್ಲ. ರಕ್ತಪರೀಕ್ಷೆಗೆ ಬರುವವರು ಬರಿಹೊಟ್ಟೆಯಲ್ಲಿ ಬರಬೇಕೆಂಬ ಸಾಲು ಯಾರಿಗೂ ಕೇಳಲಿಲ್ಲ. ಎರಡು ದಿನ ಜನ ತಿಂಡಿ ತಿಂದು ಬಂದು, ಬೈದು, ವಾಪಸ್ ಹೋದರು. ಮ್ಯಾನೇಜರು ಮೃದುವಾಗಿಯೇ ಹೇಳಿದರಂತೆ: "ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ." ಅವರದು ಏರಿದ ದನಿಯಾಗಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ ಎನ್ನುತ್ತಾರೆ ಟ್ಯೂನಮ್ಮ.

ಹಾಗಾಗಿ ಮೌಸು ಬಿಟ್ಟು ಕಂಟ್ರೋಲರ್. ಅದು ಗುಂಡಿಗಳಿರುವ ಒಂದು ಪೆಟ್ಟಿಗೆ. ತಾನಾಗಿ ಸದ್ದು ಮಾಡದು, ಕಂಪ್ಯೂಟರಿನೊಳಗಿನ ಸಂಗೀತವನ್ನು ಕೈಯಿಂದ ಏರಿಸಿ ಇಳಿಸಲು ಬೇಕು. ಈಗ ಅರೆಗಣ್ಣಿನಲ್ಲಿ ಆರಿಸಿದ್ದು ಮುಂದೆ ಕಣ್ಣಿಲ್ಲದೆಯೂ ಒದಗಬೇಕು. ಎರಡನೇ ಸಲ ಕೊಳ್ಳುವ ಮಾತಿಲ್ಲ.

ಅಂಗಡಿಯವನು ಹೊಸದನ್ನೇ ಹೊಗಳಿದ. ಅಂಗೈಯಗಲ, ಹಗುರ, ಬಣ್ಣಬಣ್ಣದ ದೀಪ. "ಅಕ್ಕಾ, ಎಲ್ಲರೂ ಇದನ್ನೇ ಒಯ್ಯೋದು." ಮೂಲೆಯಲ್ಲಿ ಧೂಳು ಹಿಡಿದಿದ್ದ ಇನ್ನೊಂದನ್ನು ಟ್ಯೂನಮ್ಮ ತಾವೇ ಕೇಳಿದಾಗ ಅವನು ಹುಬ್ಬೇರಿಸಿದ. ಯಾರೋ ಬಳಸಿ ಬಿಟ್ಟದ್ದು, ಇಟ್ಟಿಗೆಯಷ್ಟು ಭಾರ, ಮೇಲೆ ಕೆಳಗೆ ಸರಿಯುವ ಎಂಟು ಜಾರುಗುಂಡಿ. ಅದರಲ್ಲಿ ಆರನೆಯದು ತಡವರಿಸುತ್ತದೆ. ಹಳೆಯ ಗಿರಾಕಿ ಎಂದು ಎರಡನ್ನೂ ಒಂದು ವಾರಕ್ಕೆ ಕೊಟ್ಟು ಕಳಿಸಿದ.

ಮೊದಲ ಐದು ದಿನ ಹೊಸದೇ ಗೆದ್ದಿತ್ತು. ಅದರ ಗುಂಡಿಗಳಿಗೆ ಕೊನೆಯಿಲ್ಲ, ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತವೆ. ಸದ್ದು ಎಲ್ಲಿದೆ ಎಂದು ಸುತ್ತಲಿನ ದೀಪದ ಬಳೆ ಹೇಳುತ್ತದೆ. ಕತ್ತಲಲ್ಲೂ ಚೆನ್ನಾಗಿ ಕಾಣುತ್ತದೆಂದು ಅವರು ಖುಷಿಪಟ್ಟಿದ್ದರು. ನಿನ್ನೆ ಕಣ್ಣಿಗೆ ಹನಿ ಬಿಟ್ಟು ರೆಪ್ಪೆ ಮುಚ್ಚಿ ಕೂತಾಗ ಕೈ ಹಾಗೇ ಗುಂಡಿಯ ಮೇಲೆ ಹೋಯಿತು. ಸದ್ದು ಎಲ್ಲಿದೆ? ಬೆರಳಿಗೆ ಉತ್ತರ ಸಿಗಲಿಲ್ಲ. "ಅಯ್ಯೋ, ಕಣ್ಣು ಹೋಗೋಳು ದೀಪ ನೋಡಿ ಆರಿಸ್ತಾ ಇದೀನಲ್ಲ ಅನ್ನಿಸ್ತು," ಎನ್ನುವಾಗ ಅವರ ಕೈ ಈಗಲೂ ಸೆರಗಿನ ತುದಿ ಹಿಂಡುತ್ತದೆ.

ಅದಕ್ಕೇ ಇಂದಿನ ಪರೀಕ್ಷೆ. ಆಸ್ಪತ್ರೆಯ ಅದೇ ತಪ್ಪಾಗಿದ್ದ ಸಂದೇಶವನ್ನು ಕಣ್ಣು ಕಟ್ಟಿಕೊಂಡು ಮೊದಲು ಹೊಸ ಪೆಟ್ಟಿಗೆಯಲ್ಲಿ ಸರಿಪಡಿಸಿ, ಅತ್ತೆಯ ಫೋನಿಗೆ ಕಳಿಸುತ್ತಾರೆ.

"ಏನು ಹೇಳಿದ್ಲು ಅಮ್ಮಾ, ಆ ಹೆಂಗಸು?"

"ಏನೋ ಹೊಟ್ಟೆ ಅಂದ್ಲು. ತುಂಬಿಸ್ಕೊಂಡು ಬಾ ಅಂದ್ಲೋ, ಖಾಲಿ ಬಾ ಅಂದ್ಲೋ ಆ ಪೀಪಿ ಕೇಳಿಸಗೊಡಲಿಲ್ಲ."

ಟ್ಯೂನಮ್ಮ ತಡಕಾಡಿ ಹಳೆಯ ಪೆಟ್ಟಿಗೆಯ ತಂತಿ ಸಿಕ್ಕಿಸುತ್ತಾರೆ. ತಿದ್ದುವ ಮುಂಚಿನ ಸಂದೇಶವನ್ನೇ ಮತ್ತೆ ತೆರೆಯುತ್ತಲೇ ಸರ್ರೆಂದು ಎಂಟೂ ಗುಂಡಿಗಳು ಯಾರೂ ಮುಟ್ಟದೆ ತಾವೇ ಸರಿದು ನಿಲ್ಲುತ್ತವೆ. ಅವುಗಳೊಳಗೆ ಪುಟ್ಟ ಮೋಟಾರುಗಳಿವೆ; ಕಂಪ್ಯೂಟರಿನಲ್ಲಿ ಸದ್ದು ಎಲ್ಲಿದೆಯೋ ಗುಂಡಿಯೂ ಅಲ್ಲಿಗೇ ಬಂದು ಕೂರುತ್ತದೆ.

"ಅಮ್ಮಮ್ಮಾ! ಇದಕ್ಕೇನು ದೆವ್ವ ಹೊಕ್ಕಿದ್ಯೇನೇ?" ಅತ್ತೆ ಕಾಲು ಮಂಚದ ಮೇಲೆ ಎಳೆದುಕೊಳ್ಳುತ್ತಾರೆ.

ಟ್ಯೂನಮ್ಮ ಎಂಟು ಬೆರಳುಗಳನ್ನು ಎಂಟರ ಮೇಲೂ ಹರಡುತ್ತಾರೆ. ಮೂರನೆಯದು ಎತ್ತರದಲ್ಲಿದೆ: ಕೊಳಲು. ಮೊದಲನೆಯದು ತಗ್ಗಿನಲ್ಲಿದೆ: ಮಾತು. ಹೋದ ತಿಂಗಳ ತಪ್ಪು ಬೆರಳಿಗೆ ಸಿಗುತ್ತದೆ. ಒಂದನ್ನು ಇಳಿಸಿ, ಇನ್ನೊಂದನ್ನು ಏರಿಸಿ, ಕಳಿಸುತ್ತಾರೆ.

"ಬರಿಹೊಟ್ಟೇಲಿ ಬರಬೇಕಂತೆ," ಎನ್ನುತ್ತಾರೆ ಅತ್ತೆ. "ನೀರು ಕುಡೀಬಹುದಂತೆ. ಸ್ಪಷ್ಟವಾಗಿದೆ."

ಕಣ್ಣಿನ ಬಟ್ಟೆ ಬಿಚ್ಚಿದಾಗ ಅದು ಒದ್ದೆಯಾಗಿರುತ್ತದೆ. ಬೆವರು ಎನ್ನುತ್ತಾರೆ. ಆತಂಕ ಮಾತ್ರ ಬಟ್ಟೆಯ ಜೊತೆ ಹೋಗಿಲ್ಲ: ಆರನೇ ಮೋಟಾರು ಎಷ್ಟು ದಿನ ಬಾಳೀತು? ಇಂಥದ್ದರ ಬಿಡಿಭಾಗ ಸಿಕ್ಕೀತೇ? "ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು. ಒಂದು ಕುಂಟಿದ್ರೆ ಏಳು ಓಡುತ್ತಲ್ಲ, ಸಾಕು ಬಿಡು," ಎಂದು ಅತ್ತೆ ತೀರ್ಪು ಕೊಟ್ಟು ಮಲಗಲು ಹೋಗುತ್ತಾರೆ.

ಟ್ಯೂನಮ್ಮ ಹೊಸ ಪೆಟ್ಟಿಗೆಯನ್ನು ಅದರ ಡಬ್ಬಕ್ಕೆ ಹಾಕಿ ಮುಚ್ಚುತ್ತಾರೆ. ಹಳೆಯದರ ಮೊದಲ ಗುಂಡಿಯ ನೆತ್ತಿಗೆ ಉಗುರುಬಣ್ಣದ ದಪ್ಪನೆಯ ಒಂದು ಬೊಟ್ಟು ಇಡುತ್ತಾರೆ. ಒಣಗಿದ ಮೇಲೆ ಅದು ಬೆರಳಿಗೆ ತಾಗಬೇಕು. ಮಾತಿನ ಜಾಗ ಇನ್ನು ಯಾವತ್ತೂ ಅದೇ.

"ನನ್ನ ಸಂಗೀತ ಯಾರ ನೆನಪಲ್ಲೂ ಉಳಿಯೋದು ಬೇಡ," ಎನ್ನುತ್ತಾರೆ ನನ್ನತ್ತ ತಿರುಗಿ, ಬೊಟ್ಟಿನ ಮೇಲೆ ಊದುತ್ತಾ. "ಅದರ ಮಧ್ಯೆ ಹೇಳಿದ ಮಾತು ಕೇಳಿಸಿ, ಅವರು ಸರಿಯಾದ ಬಾಗಿಲಿಗೆ ಹೋದ್ರೆ ಸಾಕು. ಅಷ್ಟು ನನಗೆ ಕಣ್ಣು ಮುಚ್ಕೊಂಡೂ ಬರುತ್ತೆ. ಇವತ್ತು ನೋಡಿದ್ರಲ್ಲ."