ಸುಗ್ಗಿ ಹಬ್ಬದ ಕೋಳಿ

ಮೊನ್ನೆ ಸಂಜೆ ದಣಿದು ಬರುತ್ತಿದ್ದೆ. ಕೇಶ್ವಾಪುರದ ತಿರುವಿನಲ್ಲಿ ಗಾಡಿಯ ತುಂಬ ಪೇರಲಹಣ್ಣು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಇದೇ ವಾಸನೆ ಇರುತ್ತಿತ್ತು. ಜನ ತಂದೊಪ್ಪಿಸಿದ ಹಣ್ಣು, ಕಾಳು, ಕೋಳಿಗಳನ್ನು ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು, ಅಂದರೆ ಹರಾಜು, ಹಾಕುತ್ತಿದ್ದರು. ಲಿಲಾವು ಕೂಗಿ ನಡೆಸುತ್ತಿದ್ದವರು ನನಗೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ ಸರ್.

ಸರ್‌ಗೆ ಸಂತೆಯ ಮೇಲೆ ಬಲು ನಂಬಿಕೆ. ಕೊಡುವವನಿಗೂ ಕೊಳ್ಳುವವನಿಗೂ ಮನಸ್ಸಿದ್ದರೆ ವ್ಯಾಪಾರದಲ್ಲಿ ಪಾಪವಿಲ್ಲ, ನಡುವೆ ಯಾರೂ ಕೈ ಹಾಕಬಾರದು ಎನ್ನುತ್ತಿದ್ದರು. "ಯೇಸುಸ್ವಾಮಿ ವ್ಯಾಪಾರದವರನ್ನ ಹೊರಗ ಅಟ್ಟಿದ್ರಲ್ರಿ ಸರ್" ಎಂದು ನಾನು ಕಾಡಿದರೆ, "ಗುಡ್ಯಾಗಿಂದ ಅಟ್ಟಿದ್ರೋ ತಮ್ಮಾ, ಊರಾಗಿಂದ ಅಲ್ಲ" ಎಂದು ನಗುತ್ತಿದ್ದರು.

ಒಂದು ವರ್ಷ ಉಪ್ಪಿನಬೆಟಗೇರಿಯಿಂದ ಮೊಟ್ಟೆ ಇಡುವ ಕೋಳಿಯೊಂದು ಬಂದಿತ್ತು. ಚರ್ಚಿನ ಕಸ ಗುಡಿಸುವ ಅಜ್ಜಿ ಅದಕ್ಕೆ ಮೊದಲ ಬೆಲೆ ಕೂಗಿದಳು. ಮೊಟ್ಟೆ ಮಾರಿ ನಾಲ್ಕು ಕಾಸು ಕಾಣುವ ಆಸೆ ಅವಳದು. ನಮ್ಮಲ್ಲಿ ಉಳ್ಳವರು ಗೆದ್ದ ವಸ್ತುವನ್ನು ದೇವರಿಗೇ ಮರಳಿ ಕೊಡುತ್ತಾರೆ, ಅದು ಮತ್ತೆ ಲಿಲಾವಿಗೆ ಬರುತ್ತದೆ. ಹಾಗೆ ಕೈಯಿಂದ ಕೈಗೆ ಬೆಲೆ ಏರುತ್ತ ಹೋದರೆ ಕೋಳಿ ಅಜ್ಜಿಗೆ ಎಟುಕುತ್ತಿರಲಿಲ್ಲ. ಗುತ್ತಿಗೆದಾರರೊಬ್ಬರು ಹುರುಪಿನಿಂದ ಬಾಯಿ ತೆರೆಯುವಷ್ಟರಲ್ಲಿ ಸರ್, "ಒಂದ್ಸಲ ಎರಡ್ಸಲ ಮೂರ್ಸಲ" ಎಂದು ಒಂದೇ ಉಸಿರಿಗೆ ಮುಗಿಸಿ ಕೋಳಿಯನ್ನು ಅಜ್ಜಿಯ ಕೈಗಿಟ್ಟರು.

ಕಮಿಟಿಯವರು ಕೆಂಡವಾದರು. "ದೇವರ ಪಾಲು ಕಳದ್ರಲ್ರಿ ಸರ್" ಅಂದರು.

"ಸಂತ್ಯಾಗ ಹಿಂಗ ಮಾಡಿದ್ರ ತಪ್ಪ ಆಗ್ತಿತ್ರಿ. ಇಲ್ಲೆ ಮಾಡದಿದ್ರ ತಪ್ಪ ಆಗ್ತಿತ್ತು" ಎಂದರು ಸರ್.

ಮರುವರ್ಷದಿಂದ ಅವರನ್ನು ಕೂಗಲು ಕರೆಯಲಿಲ್ಲ. ಲಿಲಾವೆಂದರೆ ಅವರಿಗೆ ಪ್ರಾಣವಾಗಿತ್ತು. ಆದರೂ ಹಿಂದಿನ ಬೆಂಚಿನಲ್ಲಿ ಕೂತು, ಅದು ಶುರುವಾಗುವ ಮೊದಲೇ ಎದ್ದು ಹೋಗುತ್ತಿದ್ದರು.

ಸರ್ ತೀರಿಕೊಂಡು ಬಹಳ ವರ್ಷವಾಯಿತು. ಈ ಸಲ ಲಿಲಾವು ನೀವೇ ಕೂಗಬೇಕು ಎಂದು ಕಮಿಟಿಯವರು ನನ್ನ ಬೆನ್ನು ಹತ್ತಿದ್ದಾರೆ. "ರೊಕ್ಕ ಛಲೋ ಏರಬೇಕ್ರಿ, ಚರ್ಚಿನ ಮಾಳಗಿ ಸೋರಾಕತ್ತೈತಿ" ಎನ್ನುತ್ತಾರೆ. ಅದೂ ಸುಳ್ಳಲ್ಲ. ನನಗೂ ವಯಸ್ಸಾಯಿತು, ವಾದಿಸಲು ತ್ರಾಣವಿಲ್ಲ, ಹೂಂ ಅಂದುಬಿಟ್ಟಿದ್ದೇನೆ. ಕೂಗು ಎಲ್ಲಿ ನಿಲ್ಲಿಸಬೇಕು ಎಂದು ನಾನು ಕೇಳಬಹುದಾಗಿದ್ದವರು ಸರ್ ಒಬ್ಬರೇ.