ಆದಿವಾಲಕ್ಕೆ ಊಟಕ್ಕೆ ಹೋದದ್ದು

ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟೆ ಎಂದು ಹೇಳಿದ ದಿನ ನಮ್ಮತ್ತೆ ಮೊದಲು ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಇಲ್ಲ ಎಂದು ಖಾತ್ರಿಯಾದ ಮೇಲೆ, "ಬಾಡು ಬಿಟ್ಟೋರನ್ನ ನೋಡೀನಿ, ಮಜ್ಜಿಗೆ ಬಿಟ್ಟೋರನ್ನ ಇವತ್ತೇ ನೋಡಿದ್ದು ಕಣವ್ವಾ" ಎಂದು ಒಳಗೆ ಹೋದರು. ಚಿತ್ರದುರ್ಗದಲ್ಲಿ ಈ ಹುಚ್ಚು ನನಗೊಬ್ಬಳಿಗೇ ಹಿಡಿದಿರಲಿಕ್ಕಿಲ್ಲ ಎಂಬ ಹಟಕ್ಕೆ ಬಿದ್ದು ನಾನು ಬಳಗ ಕಟ್ಟಿದೆ. ಹಾಲನ್ನೂ ಮುಟ್ಟದವರು ಹುಡುಕಿದರೆ ಸಿಕ್ಕಿದ್ದು ನಾಲ್ಕೈದು ಜನ. ಬರೀ ಸಸ್ಯಾಹಾರಿಗಳಾದರೂ ಪರವಾಗಿಲ್ಲ ಬರ್ರಿ ಎಂದ ಮೇಲೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನವರೂ ವಾಟ್ಸ್ಯಾಪ್‌ ಗುಂಪಿಗೆ ಸೇರಿಕೊಂಡರು.

ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಊಟ. ಅಷ್ಟೇ ನಮ್ಮ ಕಾರ್ಯಕ್ರಮ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಅಡುಗೆಗೆ ಹಾಲು ತುಪ್ಪ ಸೋಕಬಾರದು ಎಂಬುದೊಂದೇ ಕಟ್ಟಳೆ, ಅದನ್ನೂ ಯಾರೂ ನೆಟ್ಟಗೆ ಪಾಲಿಸಲಿಲ್ಲ. ಬಾಗೂರಿನ ಮನೆಯೊಂದರಲ್ಲಿ "ಹಾಲು ಹಾಕಿಲ್ರಿ, ಬರೀ ಖೋವಾ" ಎಂದು ಧೈರ್ಯವಾಗಿ ಬಡಿಸಿದರು. ಬಿ.ದುರ್ಗದಲ್ಲಿ ನಾನು ಬೇಡ ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈ ಮೇಲೆಯೇ ಆ ಮನೆಯ ಅಜ್ಜಿ ತುಪ್ಪ ಸುರಿದರು. ನಮ್ಮ ಕಡೆ ಉಪಚಾರ ಅಂದರೆ ಹಾಗೆಯೇ, ಬೇಡ ಎನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೈದುಕೊಂಡು ಬರುತ್ತಿದ್ದೆ, ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದೆ. ಆ ಜನರ ಮೇಲೆ ನನಗೆ ಅಷ್ಟು ಪ್ರೀತಿ.

ಬಳಗದಲ್ಲಿ ಇಬ್ಬರನ್ನು ಇಲ್ಲಿ ಹೇಳಲೇಬೇಕು. ಒಬ್ಬರು ಹೊಳಲ್ಕೆರೆಯ ನಿವೃತ್ತ ಟೀಚರ್. ಹುಟ್ಟಾ ಸಸ್ಯಾಹಾರಿ, ತುಪ್ಪವಿಲ್ಲದ ಅನ್ನ ಗಂಟಲಿಗೆ ಇಳಿಯದು, ಮಡಿ ಮೈಲಿಗೆ ಅಷ್ಟಿಷ್ಟು ಉಳಿಸಿಕೊಂಡವರು. ಮೇಲಧಿಕಾರಿಗೇ ಎದುರುತ್ತರ ಕೊಡುವ ನಾನು ಅವರು ಕನ್ನಡಕ ಸರಿಮಾಡಿಕೊಂಡರೆ ಬಾಯಿ ಮುಚ್ಚುತ್ತಿದ್ದೆ. ಇನ್ನೊಬ್ಬ ಹಿರಿಯೂರು ಪಕ್ಕದ ಆದಿವಾಲದ ಕರೆಂಟು ಲೈನ್‌ಮನ್. ಅವನ ಮನೆಯಲ್ಲಿ ಎಲ್ಲರೂ ಬಾಡು, ಅಂದರೆ ಮಾಂಸ ತಿನ್ನುತ್ತಾರೆ. ನೀನು ಯಾಕೆ ಬಿಟ್ಟೆಯಪ್ಪಾ ಎಂದರೆ, "ಬಿಡಬೇಕು ಅನ್ನಿಸ್ತು, ಬಿಟ್ಟೆ ಮೇಡಂ" ಎಂದಿದ್ದ. ಹಾಲೂ ಬಿಟ್ಟಿದ್ದ. ಯಾರ ಮನೆಯ ಊಟವಾದರೂ ಎಲೆ ಎತ್ತುವುದಕ್ಕೆ, ಪಾತ್ರೆ ಹೊರುವುದಕ್ಕೆ ಅವನೇ ಮುಂದೆ.

"ಮುಂದಿನ ತಿಂಗಳು ನಮ್ಮ ಮನೇಲಿ ಇಟ್ಕಳಾಣ" ಎಂದು ಅವನು ಗುಂಪಿಗೆ ಹಾಕಿದಾಗಲೆಲ್ಲ ಹೆಬ್ಬೆರಳುಗಳು ಸಾಲಾಗಿ ಬೀಳುತ್ತಿದ್ದವು. ದಿನ ಹತ್ತಿರ ಬಂದಂತೆ ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಸೊಂಟನೋವು. ಒಂದು ಸಲ ಎಲ್ಲರೂ ಸೇರಿ ಊಟವನ್ನೇ ಮಾರಿಕಣಿವೆ ಡ್ಯಾಮಿನ ಹತ್ತಿರದ ತೋಟಕ್ಕೆ ವರ್ಗ ಮಾಡಿಸಿದರು, ಅವನ ಮನೆ ದಾಟಿಕೊಂಡೇ ಹೋಗಿ ಬಂದೆವು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮನೆಯ ಪಾತ್ರೆಯಲ್ಲಿ ಏನೇನು ಬೆಂದಿದೆಯೋ ಎಂಬುದು ಎಲ್ಲರ ಮುಖದ ಮೇಲೇ ಇತ್ತು.

ನನಗೆ ಪಿತ್ತ ನೆತ್ತಿಗೇರಿತು. "ಬರೋ ಭಾನುವಾರ ಆದಿವಾಲ. ಬರೋರು ಬರ್ರಿ, ಬರದೋರು ಬಳಗ ಬಿಡ್ರಿ" ಎಂದು ಗುಂಪಿಗೆ ಹಾಕಿದೆ. ಅವನು ಆಗಲೇ ಫೋನ್ ಮಾಡಿದ. "ಅವ್ವಂಗೆ ಹೇಳ್ಬಿಟ್ಟೀನಿ ಮೇಡಂ. ಈ ಸಲಾನೂ ಯಾರೂ ಬರದಿದ್ರೆ ಅವ್ವನ ಮುಖ ನೋಡಕ್ಕಾಗಲ್ಲ. ನಾನೂ ಇನ್ನು ನಿಮ್ಮ ಬಳಗಕ್ಕೆ ಬರಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಬಂದರು. ಮುಕ್ಕಾಲು ಪಾಲು ಜನ ಬಂದರು. ಹೊಳಲ್ಕೆರೆ ಟೀಚರ್ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಯಾರಿಗೆ ಹೆದರಿ ಬಂದರೋ, ನನಗಂತೂ ಅಲ್ಲ. ಲೈನ್‌ಮನ್ ರಸ್ತೆಗೇ ಬಂದು ನಮ್ಮನ್ನೆಲ್ಲ ಕರೆದುಕೊಂಡು ಹೋದ. ಗುಡಿಸಿ ಸಾರಿಸಿದ ಅಂಗಳ, ಪಡಸಾಲೆಯಲ್ಲಿ ಹೊಸ ಜಮಖಾನ, ಸಾಲಾಗಿ ಬಾಳೆಎಲೆ. ಅವನ ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಬರ್ರಿ, ಕುಂತ್ಕಳ್ರಿ" ಎಂದರು. ಹೊರಗೆ ಮಾತ್ರ ಬರಲಿಲ್ಲ.

ಮಗ ಒಳಗಿನಿಂದ, ತಾಯಿ ಕೈತೋರಿಸಿದ ದೊಡ್ಡ ಕ್ಯಾರಿಯರುಗಳನ್ನು ತಂದು ಮುಚ್ಚಳ ತೆಗೆದ. ತುಪ್ಪದ ಘಮ ಪಡಸಾಲೆ ತುಂಬಿತು. ಹೋಳಿಗೆ, ಶಾವಿಗೆ ಪಾಯಸ, ತುಪ್ಪ ತೇಲುವ ತೊವ್ವೆ, ಗಟ್ಟಿ ಮೊಸರು. ಅವನ ಮುಖ ಬಿಳಿಚಿಕೊಂಡಿತು.

"ಏನವ್ವಾ ಇದು?"

"ಹಿರಿಯೂರು ಖಾನಾವಳಿಯಿಂದ ಆಟೋದಾಗೆ ತರಿಸ್ದೆ ಕಣಪ್ಪಾ. ನೀನು ಇವರನ್ನ ಕರ್ಕಂಬರಕ್ಕೆ ಹೋಗಿದ್ದಲ್ಲ, ಆವಾಗ ಬಂತು. ನಿಮ್ಮೋರು ನನ್ನ ಕೈದು ಉಣ್ತಾರಾ? ದೊಡ್ಡೋರು ಬರ್ತಾರೆ, ತುಪ್ಪ ಜಾಸ್ತಿ ಹಾಕ್ರಿ ಅಂತ ಹೇಳಿದ್ದೆ."

ನಾಚಿಕೆ ಎಂದರೆ ಏನೆಂದು ಆ ಹೊತ್ತು ನಮ್ಮೆಲ್ಲರಿಗೂ ಗೊತ್ತಾಯಿತು. ಅದರ ಮೇಲೆ, ನಾನೂ ಅವನೂ ಸೇರಿ ಹಾಲು ಬಿಟ್ಟ ನಾಲ್ಕು ಜನಕ್ಕೆ ಆ ಕ್ಯಾರಿಯರುಗಳಲ್ಲಿ ಬಾಯಿಗೆ ಇಡುವಂಥದ್ದು ಉಪ್ಪಿನಕಾಯಿ ಒಂದೇ. ಟೀಚರ್‌ಗೆ, ಹಾಲು ಬಿಡದ ಉಳಿದವರಿಗೆ ಎಲ್ಲವೂ ನಡೆಯುತ್ತಿತ್ತು. ಅವರಿಗೆಂದೇ ಮಾಡಿಸಿದ ಊಟದಂತಿತ್ತು ಅದು.

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ನಿಮಗೆ ಏನು ಮಾಡ್ಕಂಡೀರಿ?" ಎಂದು ಆ ತಾಯಿಯನ್ನು ಕೇಳಿದರು.

"ನಮಗೇನು ತಾಯೀ. ಮುದ್ದೆ, ಹುರುಳಿಕಾಳು ಬಸ್ಸಾರು."

"ಅದನ್ನೇ ತರ್ರಿ" ಎಂದೆ ನಾನು. "ನಮಗೆ ಬೇಕಾಗಿದ್ದ ಊಟ ಅದೇ, ಅಮ್ಮಾ."

ಆ ತಾಯಿ ನನ್ನ ಕಡೆ ನೋಡಲಿಲ್ಲ. ಟೀಚರನ್ನೇ ನೋಡುತ್ತಾ, "ಸುಳ್ಳು ಹೇಳಬಾರದು. ನಮ್ಮ ಪಾತ್ರೇಲಿ ಬಾಡೂ ಬೆಂದೈತೆ ತಾಯೀ. ನೀವು ಹೋಳಿಗೆ ಉಣ್ರಿ" ಎಂದರು.

ಈಗ ಎಲ್ಲರ ಕಣ್ಣೂ ಟೀಚರ್ ಮೇಲೆ. ಲೈನ್‌ಮನ್ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಅವನು ನಮ್ಮ ಜೊತೆ ಇರುತ್ತಾನೋ ಇಲ್ಲವೋ ಎಂಬುದು ಟೀಚರ ಒಂದು ಮಾತಿನ ಮೇಲೆ ನಿಂತಿತ್ತು.

"ಬೆಳಗಿದೀರಲ್ಲ?" ಎಂದರು ಟೀಚರ್.

"ಹುಣಸೆಹಣ್ಣು ಹಾಕಿ ತಿಕ್ಕೀನಿ."

"ಮತ್ತಿನ್ನೇನು, ನೀಡ್ರಿ."

ತಾಯಿ ಮುದ್ದೆಯ ತಟ್ಟೆಯನ್ನು ಮಗನ ಕೈಗೆ ಕೊಡಲು ಹೋದರು. "ಅವನಲ್ಲ. ಮುದ್ದೆ ಕಟ್ಟಿದೋರೇ ಇಕ್ಕಬೇಕು" ಎಂದರು ಟೀಚರ್, ತರಗತಿಯಲ್ಲಿ ಹೇಳುವ ಹಾಗೆ. ತಾಯಿ ಬಗ್ಗಿ ಮುದ್ದೆ ಇಟ್ಟರು, ಸಾರು ಬಿಟ್ಟರು, ಒಂದಿಷ್ಟು ಜಮಖಾನದ ಮೇಲೂ ಬಿತ್ತು. ಹಾಗೆಯೇ ಕುಕ್ಕುರುಗಾಲಲ್ಲಿ ಕೂತು ಟೀಚರ ಬಾಯಿಯನ್ನೇ ನೋಡತೊಡಗಿದರು. ನಾವೂ ನೋಡಿದೆವು. ಟೀಚರ್ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದರು. ಇನ್ನೊಂದು ತುತ್ತು ನುಂಗಿದರು. ಆಮೇಲೆ ಎಂದರು: "ಉಪ್ಪು ಕಮ್ಮಿ ಆಗೈತೆ ನೋಡ್ರಿ."

ಇನ್ನು ಕೆಟ್ಟಿತು ಅಂದುಕೊಂಡೆ ನಾನು. ಆದರೆ ಆ ತಾಯಿಯ ಮುಖ ಅರಳಿತು. ಊಟ ಚೆನ್ನಾಗಿದೆ ಎಂದು ನೆಂಟರು ಯಾರು ಬೇಕಾದರೂ ಹೇಳುತ್ತಾರೆ, ಉಪ್ಪು ಕಮ್ಮಿ ಎನ್ನುವುದು ಮನೆಯವರು ಮಾತ್ರ. "ಅಯ್ಯೋ ನನ್ನ ಬುದ್ಧಿಗಿಷ್ಟು, ಬರ್ತಾರೋ ಇಲ್ಲವೋ ಅನ್ನೋ ಯೋಚ್ನೇಲಿ ಮರ್ತೇಬಿಟ್ಟೆ" ಎಂದು ನಗುತ್ತಲೇ ಒಳಗೆ ಓಡಿದರು. ಉಪ್ಪು ತಂದವರು ಮತ್ತೆ ಬಾಗಿಲಿಗೆ ಹೋಗಲಿಲ್ಲ. ಟೀಚರ್‌ಗೆ ಬಡಿಸಿ, ಅವರ ಪಕ್ಕದಲ್ಲೇ ಜಮಖಾನದ ಮೇಲೆ ಕೂತು, "ನಂಗೂ ಒಂದೆಲೆ ಹಾಕಪ್ಪಾ" ಎಂದರು ಮಗನಿಗೆ.