ಅಕ್ಕನ ಮುಖಕ್ಕೆ ನಾನು ಹಚ್ಚಿದ ಪೌಡರು

ಬೆಳಗಿನ ಡೊಂಬಿವಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಯಾರ ಕುತ್ತಿಗೆಯಿಂದಲೋ ಪೌಡರಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಳು ಬರಬೇಕಾದಲ್ಲಿ ಸಿಟ್ಟು. ಮುಂಬ್ರಾ ಸ್ಟೇಷನ್ ದಾಟುವವರೆಗೂ ಬಾಗಿಲ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತೇನೆ…

ಅಕ್ಕ ನಮ್ಮ ಎದುರುಮನೆಯವಳು. ನನ್ನ ಅಪ್ಪ ಕಲ್ಯಾಣದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದರು. ನಮ್ಮ ಪೈಕಿ ಕಾಲೇಜಿನ ಮೆಟ್ಟಿಲು ಹತ್ತಿದವರಿರಲಿಲ್ಲ. ಹನ್ನೆರಡನೆಯ ಕ್ಲಾಸಿಗೇ ಸಾಕು ಎಂದ ಅಪ್ಪನೆದುರು ನಿಂತು, "ಸಾಕು ಅನ್ಲಿಕ್ಕೆ ಇದೇನು ಊಟವಾ ಅಣ್ಣ?" ಎಂದವಳು ಅವಳು. ಫಾರ್ಮು ತುಂಬಿಸಿದಳು, ಆಫೀಸಿನಿಂದ ಬಂದು ಪಾಠ ಹೇಳಿದಳು. ನಾನು ಬಿ.ಕಾಂ. ಆದದ್ದು ಅವಳಿಂದ.

ನನ್ನ ಕೊನೆಯ ವರ್ಷದಲ್ಲಿ ಅಕ್ಕನಿಗೆ ತಲೆ ಬಾಚಿಕೊಳ್ಳಲು ಕೈ ಎತ್ತಲಾಗದಾಯಿತು. ಉದ್ದ ಜಡೆಯನ್ನು ಕುತ್ತಿಗೆಯವರೆಗೆ ಕತ್ತರಿಸಿದಳು. ಕಣ್ಣಿನ ರೆಪ್ಪೆಗಳು ಊದಿ ನೇರಳೆ ಬಣ್ಣಕ್ಕೆ ತಿರುಗಿದವು. ಬೆರಳ ಗೆಣ್ಣುಗಳ ಮೇಲೆ ಕೆಂಪು ಗಂಟು. ಶನಿವಾರದ ಭಜನೆಯಲ್ಲಿ ಎಲ್ಲರೂ ಚಾಪೆಯಲ್ಲಿ ಕೂತರೆ ಅವಳು ಕುರ್ಚಿ ಕೇಳಿದಳು.

"ಬಾಬ್‌ಕಟ್ ಆಯ್ತು, ಕಣ್ಣಿಗೆ ಬಣ್ಣವೂ ಆಯ್ತು. ದೇವರೆದುರೂ ಮಹಾರಾಣಿಗೆ ಸಿಂಹಾಸನ ಬೇಕಂತೆ ಮಾರಾಯ್ರೆ!" ಎಂದರು ಭಜನೆಯ ಹೆಂಗಸರು, ಅವಳಿಗೆ ಕೇಳಿಸುವ ಹಾಗೆಯೇ.

"ಚಾಪೆಯಲ್ಲಿ ಕೂತ್ರೆ ಎಬ್ಬಿಸ್ಲಿಕ್ಕೆ ಕ್ರೇನ್ ಬೇಕಾದೀತು, ನೀವು ತರಿಸ್ತೀರಾ?" ಎಂದು ಅಕ್ಕ ನಕ್ಕಳು. ಯಾರೂ ನಗಲಿಲ್ಲ. ಅದು ತಮಾಷೆಯಲ್ಲ, ನಿಜ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಇಷ್ಟು ಓದಿದ ನನಗೂ!

ರಸ್ತೆ ಕೂಡುವ ನಾಕಾದ ಡಾಕ್ಟರು ನಮ್ಮೂರ ಕಡೆಯವರೇ. ಅವರ ಹೆಂಡತಿ ಭಜನೆಗೆ ಬರುವವರು. ಅಕ್ಕನ ಅಮ್ಮನಿಗೆ ಅದೇ ಹೆದರಿಕೆ. "ಮುಖದಲ್ಲಿ ಕಲೆ ಉಂಟೂಂತ ಅವರ ಮನೆಯಿಂದ ಸುದ್ದಿ ಹೊರಟ್ರೆ ಇವಳಿಗೆ ಯಾವ ಗಂಡು ಬರ್ತಾನೆ? ಕಣ್ಣಿನ ಮೇಲೆ ಸ್ವಲ್ಪ ಜಾಸ್ತಿ ಹಚ್ಚು ಮಗಾ." ಅಕ್ಕನ ಕೈ ಮೇಲೇಳುತ್ತಿರಲಿಲ್ಲವಲ್ಲ, ಹಚ್ಚುವವಳು ನಾನು. ಗೆಣ್ಣುಗಳಿಗೂ ಹಚ್ಚಿದೆ. ಮೂರು ಸಲ ಹೋದೆವು, ಮೂರು ಸಲವೂ ಹಚ್ಚಿದೆ. ಡಾಕ್ಟರು ಒಮ್ಮೆಯೂ ಕೈ ಎತ್ತಿಸಿ ನೋಡಲಿಲ್ಲ. ಟಾನಿಕ್ ಬರೆದು, "ಮದುವೆ ಮಾಡಿಸಿ, ಸೋಮಾರಿತನ ತನ್ನಷ್ಟಕ್ಕೇ ಹೋಗ್ತದೆ" ಎಂದರು.

ಮೂರನೆಯ ಸಲ, ಕ್ಲಿನಿಕ್ಕಿನ ಮೆಟ್ಟಿಲಲ್ಲಿ, ಅಕ್ಕ ಮೆಲ್ಲಗೆ ಹೇಳಿದಳು: "ಒರೆಸಿಬಿಡು ಮಾರಾಯ್ತಿ. ಅವರು ನೋಡ್ಲಿ."

"ನಿಮ್ಮಮ್ಮ ಬೈತಾರೆ ಅಕ್ಕ" ಎಂದೆ. ಕರ್ಚೀಫು ನನ್ನ ಕೈಯಲ್ಲೇ ಇತ್ತು.

ಒಂದು ಬೆಳಿಗ್ಗೆ ಗಂಜಿ ಗಂಟಲಿನಿಂದ ಹೊಟ್ಟೆಗಿಳಿಯದೆ ಉಸಿರಿನ ಅಡ್ಡದಾರಿ ಹಿಡಿಯಿತು. ಠಾಣೆ ಶಹರದ ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿಗೂ ಅಕ್ಕನ ಅಮ್ಮ ನನ್ನ ಕೈಯಿಂದ ಪೌಡರು ಹಚ್ಚಿಸಿಯೇ ಕರೆತಂದಿದ್ದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒದ್ದೆ ಹತ್ತಿಯಿಂದ ರೆಪ್ಪೆ ಒರೆಸಿ, ಗೆಣ್ಣು ಒರೆಸಿ, ಹತ್ತಿಗೆ ಅಂಟಿದ್ದನ್ನು ನೋಡಿದರು. "ಯೆ ಪೌಡರ್ ಕಿಸ್ನೆ ಲಗಾಯಾ?" ಹಚ್ಚಿದ್ದು ಯಾರು ಎಂದು ಕೇಳಿದರು.

ನಾನು ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದೆ.

ಡರ್ಮಟೋಮಯೋಸೈಟಿಸ್ ಎಂದರು. ಮೈಯ ರಕ್ಷಣೆಗಿರುವ ಶಕ್ತಿಯೇ ತಿರುಗಿಬಿದ್ದು ಸ್ನಾಯುಗಳನ್ನೂ ಚರ್ಮವನ್ನೂ ಸುಡುವ ಕಾಯಿಲೆ. ಔಷಧಿ ಇದೆ, ಬೇಗ ಬಂದಿದ್ದರೆ… ಅಷ್ಟರಲ್ಲಿ ನುಂಗುವ ಸ್ನಾಯು ಸೋತು ಗಂಜಿ ಎದೆಗಿಳಿದಿತ್ತು, ಉಸಿರೆಳೆಯುವ ಸ್ನಾಯುವೂ ಸೋಲುತ್ತಿತ್ತು. ನನ್ನ ರಿಸಲ್ಟ್ ಬರುವ ಮೊದಲೇ ಅಕ್ಕ ಹೋದಳು.

"ಎಷ್ಟು ಒಳ್ಳೆ ಹುಡುಗಿ" ಎಂದು ಅದೇ ಹೆಂಗಸರು ಅತ್ತರು. ಡಾಕ್ಟರೂ ಬಂದಿದ್ದರು. ಅವರಿಗೆ ಕುರ್ಚಿ ಹಾಕಿದರು.

ಪದವಿಯ ಫೋಟೋ ತೆಗೆಯುವಾಗ ಸ್ಟುಡಿಯೋದವನು ಪೌಡರಿನ ಪಫ್ ಹಿಡಿದು ಬಂದ. ಕೈ ತಳ್ಳಿದೆ. ಗೋಡೆಯ ಮೇಲಿನ ಆ ಫೋಟೋದಲ್ಲಿ ಕಪ್ಪು ಗೌನು, ಎಣ್ಣೆಯಿಳಿದ ಮುಖ, ಹಣೆಯ ಮೊಡವೆ, ಎಲ್ಲವೂ ಕಾಣುತ್ತದೆ. ಅಪ್ಪ ಬಂದವರಿಗೆಲ್ಲ ತೋರಿಸುತ್ತಾರೆ. ನಾನು ತೋರಿಸಬೇಕಾದವಳು ಎದುರುಮನೆಯಲ್ಲಿಲ್ಲ… ಅವತ್ತು ಒರೆಸದೆ ಹಿಡಿದಿದ್ದ ಕರ್ಚೀಫು ಮಾತ್ರ ದಿನವೂ ಕೈಯಲ್ಲೇ ಇರುತ್ತದೆ.